ವಾಕಿಂಗ್ ಹೋಗ್ತೀನಲ್ಲ, ಸಾಲದಾ?

ಸಾಲದು, ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಬೇಕು. ನಲವತ್ತೈದು ದಾಟಿದ ಗೆಳತಿಯರಿಗೆಲ್ಲ ಇದನ್ನೇ ಹೇಳಿ ಬೈಸಿಕೊಳ್ಳುತ್ತಿದ್ದೇನೆ. ಇಲ್ಲೇ ಒಮ್ಮೆ ಬರೆದುಬಿಡುತ್ತೇನೆ, ಬೈಯುವವರು ಒಟ್ಟಿಗೆ ಬೈಯಲಿ.

ವಾಕಿಂಗ್ ಬೇಡ ಅಂತಲ್ಲ. ಹೃದಯಕ್ಕೆ, ಬಿಪಿಗೆ, ನಿದ್ದೆಗೆ ಒಳ್ಳೆಯದೇ. ಮಡಿಕೇರಿಯಲ್ಲಂತೂ ಮಾರ್ಕೆಟ್‌ಗೆ ಹೋಗಿ ಬಂದರೂ ಏರಿನಲ್ಲಿ ಏದುಸಿರು ಬರುತ್ತದೆ. ವೇಗ ಸಾಕಾ ಅಂತ ನೋಡಲು ವಾಚ್ ಬೇಡ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ರಾಜಾಸೀಟ್ ಕಡೆ ಸಂಜೆ ಹೊರಡುವ ನಮ್ಮ ಗುಂಪುಗಳು ಸಂಗೀತ ಕಛೇರಿಯನ್ನೇ ನಡೆಸಬಹುದು, ಆ ಮಾತು ಬೇರೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಪ್ರಕಾರ ವಾರಕ್ಕೆ 150ರಿಂದ 300 ನಿಮಿಷ ಇಂಥ ಬಿರುಸಿನ ನಡಿಗೆ ಬೇಕು. ಇದು ಎಲ್ಲರಿಗೂ ಬಾಯಿಪಾಠ. ಅದರ ಜೊತೆಗೇ ಇನ್ನೊಂದು ಮಾತಿದೆ: ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಅದು ಮಾತ್ರ ನಮ್ಮ ಕಿವಿಗೆ ಬೀಳುವುದೇ ಇಲ್ಲ.

ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜೆನ್ ಹಾರ್ಮೋನ್ ಇಳಿಯುತ್ತದೆ. ಅದರ ಆಸುಪಾಸಿನ ವರ್ಷಗಳಲ್ಲೇ ಮೂಳೆ ಬೇಗ ಬೇಗ ಸವೆಯುವುದು. ಸ್ನಾಯುವೂ ಕರಗುತ್ತದೆ. ಊಟ ಆದಮೇಲೆ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯುಗಳು. ಅವೇ ಕಡಿಮೆಯಾದರೆ ಶುಗರ್ ಏರದೆ ಇನ್ನೇನು? ಸುಮ್ನೆ ನಮ್ಮ ಅಕ್ಕಿ ಕಡುಬು ಕಡಂಬಿಟ್ಟನ್ನು ಬೈದು ಪ್ರಯೋಜನವಿಲ್ಲ.

"ದಿನವಿಡೀ ದುಡೀತೀವಲ್ಲ, ಇನ್ನೇನು ಭಾರ ಎತ್ತೋದು?" ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕಾಫಿ ಕೊಯ್ಲಿನಲ್ಲಿ ಹಣ್ಣಿನ ಚೀಲವನ್ನು ತಲೆ ಮೇಲೆ ಹೊತ್ತು ಅಳತೆಗೆ ತರುವ ಹೆಂಗಸರಿಗೆ ನಾನು ಬಲದ ಪಾಠ ಹೇಳಿದರೆ ನಗುತ್ತಾರೆ. ಅವರಿಗೆ ಬೇಕಾದ್ದು ವಿಶ್ರಾಂತಿ, ಹೊಟ್ಟೆ ತುಂಬ ಬೇಳೆ, ಮೊಟ್ಟೆ. ನಾನು ಹೇಳುತ್ತಿರುವುದು ನಮ್ಮಂಥವರಿಗೆ. ಅಡುಗೆಮನೆಯಲ್ಲಿ ನಿಂತು ನಿಂತು ಕಾಲು ನೋಯುತ್ತದೆ ನಿಜ. ಆದರೆ ಗ್ಯಾಸ್ ಸಿಲಿಂಡರ್ ಬಂದರೆ ಮಗನನ್ನು ಕೂಗುತ್ತೇವೆ. ಸುಸ್ತು ಬೇರೆ, ಬಲ ಬೇರೆ.

ಆಸ್ಟ್ರೇಲಿಯಾದಲ್ಲಿ ಲಿಫ್ಟ್‌ಮೋರ್ ಅಂತ ಒಂದು ಅಧ್ಯಯನ ನಡೆದಿತ್ತು. ಮುಟ್ಟು ನಿಂತ, ಮೂಳೆ ಸವೆದ ಹೆಂಗಸರಿಂದಲೇ ತರಬೇತುದಾರರ ಕಣ್ಣೆದುರು ಭಾರೀ ತೂಕ ಎತ್ತಿಸಿದರು. ವಾರಕ್ಕೆ 2 ಸಲ, ಅರ್ಧ ಗಂಟೆ, 8 ತಿಂಗಳು. ಬೆನ್ನುಮೂಳೆಯ ಸಾಂದ್ರತೆ ಹೆಚ್ಚಾಯಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿಕೊಂಡಿದ್ದವರಿಗೆ ಹಾಗಾಗಲಿಲ್ಲ.

ಹಾಗಂತ ನಾಳೆಯೇ ಅಕ್ಕಿ ಮೂಟೆಗೆ ಕೈ ಹಾಕಬೇಡಿ. ನಾನು ಶುರು ಮಾಡಿದ್ದು ಊಟದ ಮೇಜಿನ ಕುರ್ಚಿಯಿಂದ. ಕೈ ಊರದೆ ಏಳುವುದು, ನಿಧಾನಕ್ಕೆ ಕೂರುವುದು. ಧೊಪ್ಪನೆ ಕೂತರೆ ಲೆಕ್ಕಕ್ಕಿಲ್ಲ. ಆಮೇಲೆ ಗೋಡೆಗೆ ಕೈ ಊರಿ ದಂಡ ಹೊಡೆಯುವುದು. ಆಮೇಲೆ ಎರಡು ಕೈಗೂ 5 ಲೀಟರ್ ನೀರಿನ ಕ್ಯಾನ್ ಹಿಡಿದು ಜಗಲಿ ಉದ್ದಕ್ಕೂ ನಡೆಯುವುದು. ಯಾವುದನ್ನು ಮಾಡಿದರೂ ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಸಲೀಸಾಯಿತು ಅಂದರೆ ತೂಕ ಏರಿಸುವ ಹೊತ್ತು. ಎತ್ತುವಾಗ ಉಸಿರು ಕಟ್ಟಬಾರದು, ಬಿಪಿ ಇರುವವರಂತೂ ಕಟ್ಟಲೇಬಾರದು.

ಭಾರ ಎತ್ತಿದರೆ ಗರ್ಭಕೋಶ ಜಾರುತ್ತದೆ ಅಂತ ಅತ್ತೆಯವರು ಹೆದರಿಸುತ್ತಾರೆ. ಈಗಾಗಲೇ ಜಾರಿದ್ದರೆ, ಮೂಳೆ ತೀರಾ ಸವೆದಿದ್ದರೆ, ಡಾಕ್ಟರರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿಯೇ ಶುರು ಮಾಡಿ. ಉಳಿದವರು ಹೆದರಿಕೊಂಡು ಕೂರುವುದೇ ಜಾಸ್ತಿ ಅಪಾಯ. ಗಂಡಸರ ಹಾಗೆ ಮೈಕಟ್ಟು ಬರುತ್ತದೆ ಅನ್ನುವವರಿಗೆ ನನ್ನ ಉತ್ತರ: ಬರಲ್ಲ, ಅಷ್ಟು ಟೆಸ್ಟೋಸ್ಟೆರೋನ್ ನಮ್ಮಲ್ಲಿಲ್ಲ.

ಭಾರ, ನಡಿಗೆ ಎರಡನ್ನೂ ಒಂದೇ ದಿನ ಮಾಡಬಹುದಾ? ಧಾರಾಳವಾಗಿ. ಮೊದಲು ಭಾರ, ಆಮೇಲೆ ನಡಿಗೆ ಅಂತ ನಾನು ಇಟ್ಟುಕೊಂಡಿದ್ದೇನೆ. ಆರೋಗ್ಯಕ್ಕಷ್ಟೇ ಆದರೆ ಯಾವುದು ಮೊದಲಾದರೂ ನಡೆಯುತ್ತದೆ.

ನಮ್ಮ ನಿಜವಾದ ತೊಡಕು ಮಳೆ. ಜೂನ್‌ನಲ್ಲಿ ನಿಂತ ವಾಕಿಂಗ್ ಕಕ್ಕಡ ಅನ್ನುವ ಜಡಿಮಳೆಯ ತಿಂಗಳು ಕಳೆದು, ಕೈಲ್‌ಪೊಳ್ದ್ ಹಬ್ಬ ಮುಗಿದರೂ ಮತ್ತೆ ಶುರುವಾಗುವುದಿಲ್ಲ. ಕಕ್ಕಡದಲ್ಲಿ ತಿನ್ನುವ ಮದ್ದಿನ ಸೊಪ್ಪು, ಮದ್ದ್ ತೊಪ್ಪನ್ನು ವರ್ಷಕ್ಕೊಮ್ಮೆ ತಿಂದರೂ ಮೈಗೆ ಹಿಡಿಯುತ್ತದೆ ಅನ್ನುತ್ತಾರೆ. ವ್ಯಾಯಾಮಕ್ಕೆ ಆ ರಿಯಾಯಿತಿ ಇಲ್ಲ. ಜಿಗಣೆ ಕಾಟ ಇಲ್ಲದ ಒಳಕೋಣೆಯಲ್ಲಿ ಆ ತಿಂಗಳುಗಳನ್ನು ಭಾರಕ್ಕೆ ಮೀಸಲಿಡಿ, ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ.

ಜಿಮ್‌ಗೆ ಹೋಗಲು ಎಲ್ಲರಿಗೂ ಆಗಲ್ಲ, ದೂರ, ನಾಚಿಕೆ ಬೇರೆ. ಆದರೆ ಸ್ತ್ರೀಶಕ್ತಿ ಸಂಘದ ಮೀಟಿಂಗ್‌ಗೆ ಎಲ್ಲರೂ ಬರುತ್ತೇವಲ್ಲ? ಉಳಿತಾಯದ ದುಡ್ಡು ಕಟ್ಟಿ, ಪುಸ್ತಕಕ್ಕೆ ಸಹಿ ಹಾಕಿ, ಹೊರಡುವ ಮುಂಚೆ ಅರ್ಧ ಗಂಟೆ ಒಟ್ಟಿಗೆ ಮಾಡೋಣ ಅಂತ ನಮ್ಮ ಸಂಘದಲ್ಲಿ ಕೇಳಿದ್ದೇನೆ. ಚಹಾಕ್ಕೆ ಮುಂಚೆಯೋ ಆಮೇಲೋ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ.