ಲೈಸೆನ್ಸ್ ಬಹುಮಾನ ಹೇಗಾಗುತ್ತೆ?

ದಾಖಲೆ ಇಲ್ಲದ ವಲಸಿಗರಿಗೆ ಡ್ರೈವಿಂಗ್ ಲೈಸೆನ್ಸ್ ಕೊಡಿ ಎನ್ನುವ ಅಮೆರಿಕದ ಕ್ಯಾಥೊಲಿಕ್ ಬಿಷಪ್‌ಗಳು ಕಾನೂನು ಮುರಿದವರಿಗೆ ಬಹುಮಾನ ಕೊಡಿಸುತ್ತಿದ್ದಾರೆ ಎಂದು ಬರೆದಿದ್ದೀರಿ. ಬಹುಮಾನ ಎಲ್ಲಿದೆ ಸ್ವಾಮಿ? ಕ್ಯಾಲಿಫೋರ್ನಿಯಾದಲ್ಲಿ 2015ರಿಂದ ಎಬಿ 60 ಎಂಬ ಕಾನೂನಿನಡಿ ಇಂಥ ವಲಸಿಗರಿಗೆ ಸಿಗುವ ಲೈಸೆನ್ಸ್ ಕಾರ್ಡ್ ತೋರಿಸಿ ವೋಟು ಹಾಕಲು ಆಗುವುದಿಲ್ಲ, ಕೆಲಸ ಮಾಡುವ ಹಕ್ಕೂ ಬರುವುದಿಲ್ಲ. ಕಣ್ಣಿನ ಪರೀಕ್ಷೆ, ಲಿಖಿತ ಪರೀಕ್ಷೆ, ರೋಡ್ ಟೆಸ್ಟ್ ಎಲ್ಲವೂ ಪಾಸಾಗಲೇಬೇಕು.

2012ರಲ್ಲಿ ಅದೇ ರಾಜ್ಯದ ಸ್ಯಾನ್ ಹೋಸೆಯಲ್ಲಿ ಯಾರೋ ನನ್ನ ಕಾರಿಗೆ ಹಿಂದಿನಿಂದ ಗುದ್ದಿ ಪರಾರಿಯಾದರು. ಅವರ ಹತ್ತಿರ ಲೈಸೆನ್ಸ್ ಇತ್ತೋ ಇಲ್ಲವೋ, ಸುಮ್ನೆ ಊಹಿಸಲ್ಲ. ರಿಪೇರಿ ಖರ್ಚು ಮಾತ್ರ ನನ್ನ ತಲೆಗೆ ಬಂತು. ಲೈಸೆನ್ಸ್ ಇದ್ದವರು ನಿಂತು ಮಾತಾಡುವ ಸಾಧ್ಯತೆ ಜಾಸ್ತಿ. ಎಬಿ 60 ಬಂದ ಮೇಲೆ ಗುದ್ದಿ ಓಡುವ ಪ್ರಕರಣಗಳು ಕಡಿಮೆಯಾದವು, ಒಟ್ಟು ಅಪಘಾತವೂ ಹೆಚ್ಚಲಿಲ್ಲ ಎಂದು ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ.

ಚರ್ಚ್ ಬಗ್ಗೆ ನನಗೂ ಬೇರೆ ತಕರಾರುಗಳಿವೆ, ಅದು ಬಿಡಿ. ಬಸ್ಸೇ ಸರಿಯಾಗಿ ಇಲ್ಲದ ಊರುಗಳಲ್ಲಿ ತೋಟದ ಕೆಲಸಕ್ಕೆ, ಮಕ್ಕಳನ್ನು ಶಾಲೆಗೆ ಬಿಡೋಕೆ ಈ ವಲಸಿಗರು ಹೇಗೂ ಕಾರು ಓಡಿಸುತ್ತಾರೆ. ಟೆಸ್ಟ್ ಪಾಸಾಗಿ, ಇನ್ಶೂರೆನ್ಸ್ ಮಾಡಿಸಿ ಓಡಿಸಿದರೆ ಪಕ್ಕದ ಲೇನಿನಲ್ಲಿರುವ ನನಗೂ ಒಳ್ಳೆಯದೇ ಅಲ್ವಾ?