ಯಾರ ನಾಯಿ ಇದು?

ದೀಪಾವಳಿ ದಿನ ಊರಿಗೆ ವೀಡಿಯೊ ಕಾಲ್ ಮಾಡಿದ್ದೆ. ಚಿಕ್ಕಮ್ಮ ಕಜ್ಜಾಯದ ತಟ್ಟೆ ತೋರಿಸಿ ಆಸೆ ಹುಟ್ಟಿಸುತ್ತಿದ್ದರು. ಅಷ್ಟರಲ್ಲಿ ನಮ್ಮ ನಾಯಿ ರಾಗಿ ಬಂದು ನನ್ನ ತೊಡೆ ಹತ್ತಿದಳು. ಚಿಕ್ಕಮ್ಮ ಫೋನನ್ನು ಹತ್ತಿರ ಹಿಡಿದು, "ಹುಷಾರಾಗಿ ನೋಡ್ಕೋಪ್ಪಾ, ಅಲ್ಲಿ ನಾಯಿ ತಿಂತಾರಂತಲ್ಲ" ಅಂದರು. ಹಿಂದೆ ಕೂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಕೊರಿಯಾಕ್ಕೆ ಬಂದು ಆರು ವರ್ಷವಾಯಿತು. ಈ ಪ್ರಶ್ನೆ ಕೇಳದ ನೆಂಟರಿಲ್ಲ. ಹೌದು, ತಿನ್ನುವವರಿದ್ದರು. ವಯಸ್ಸಾದವರಲ್ಲಿ ಈಗಲೂ ಕೆಲವರಿದ್ದಾರೆ. ಆದರೆ 2024ರ ಜನವರಿಯಲ್ಲಿ ಇಲ್ಲಿನ ಸಂಸತ್ತು ಮಾಂಸಕ್ಕಾಗಿ ನಾಯಿ ಸಾಕುವುದು, ಕಡಿಯುವುದು, ಮಾರುವುದು ಎಲ್ಲವನ್ನೂ ನಿಷೇಧಿಸಿತು. ಪರವಾಗಿ 208 ಮತ, ವಿರುದ್ಧ ಒಂದೂ ಇಲ್ಲ. ಅದನ್ನೇ ನಂಬಿ ಬದುಕುತ್ತಿದ್ದವರು ಬೇರೆ ದಾರಿ ನೋಡಿಕೊಳ್ಳಲಿ ಎಂದು 2027ರ ತನಕ ಸಮಯ ಕೊಟ್ಟಿದೆ. ಜುಲೈ ಸೆಕೆಯಲ್ಲಿ ನಮ್ಮ ಆಫೀಸಿನವರು ಸಾಲು ನಿಲ್ಲುವುದು ಸಮ್‌ಗ್ಯೆತಾಂಗ್‌ಗೆ, ಅಂದರೆ ಕೋಳಿ ಸೂಪಿಗೆ.

ಇಷ್ಟು ಹೇಳಿದರೂ ಚಿಕ್ಕಮ್ಮನ ಮಾತು ತಲೆಯಿಂದ ಹೋಗಲಿಲ್ಲ. ಯಾಕೆಂದರೆ ಈ ಊರಲ್ಲಿ ನನ್ನನ್ನು ಮನುಷ್ಯರ ಹತ್ತಿರ ತಂದದ್ದೇ ಈ ನಾಯಿ.

ನಾವಿರುವುದು ಸುವೊನ್‌ನ ಯೊಂಗ್‌ತೊಂಗ್‌ನಲ್ಲಿ, ಹದಿನೇಳನೇ ಮಹಡಿ. ಮೊದಲ ಮೂರು ವರ್ಷ ಲಿಫ್ಟಿನಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. ತಲೆ ಬಾಗಿಸುತ್ತಿದ್ದರು, ಅಷ್ಟೆ. ಆಮೇಲೆ ಶೆಲ್ಟರಿನಿಂದ ರಾಗಿ ಬಂದಳು. ನಾಲ್ಕು ಕಿಲೋ ತೂಕ, ಹುರಿದ ರಾಗಿಹಿಟ್ಟಿನ ಬಣ್ಣ. ಮೊದಲನೇ ದಿನವೇ ಒಂಬತ್ತನೇ ಮಹಡಿಯ ಹಲ್ಮೊನಿ, ಅಂದರೆ ಅಜ್ಜಿ, "ಮ್ಯೊಸ್ಸಾರಿಯೆಯೊ?" ಎಂದು ಕೇಳಿದರು. ವಯಸ್ಸೆಷ್ಟು ಅಂತ. ನನ್ನದಲ್ಲ, ರಾಗಿಯದು. ಹೆಸರು ಕೇಳಿದರು. ಮುದ್ದೆ ಮಾಡುವ ಕಾಳಿನ ಹೆಸರು ಎಂದು ತಿಳಿಸಿ ಹೇಳಿದೆ. ಅವರಿಗೆ ಖುಷಿಯೋ ಖುಷಿ. ಇಲ್ಲೂ ನಾಯಿಗೆ ಬೋರಿ, ಖೊಂಗಿ, ತುಬು ಎಂದೆಲ್ಲ ಹೆಸರಿಡುತ್ತಾರೆ. ಬಾರ್ಲಿ, ಕಾಳು, ತೋಫು!

ಆವತ್ತು ಅವರು ರಾಗಿಯ ಗಲ್ಲ ಹಿಡಿದು "ಉರಿ ಕಾಂಗಾಜಿ" ಅಂದರು. ನಮ್ಮ ನಾಯಿಮರಿ ಎಂದರ್ಥ. ಮಾರನೇ ವಾರ ಅದೇ ಹಲ್ಮೊನಿ ಸ್ಕೂಲಿಂದ ಬಂದ ಮೊಮ್ಮಗನನ್ನು ತಬ್ಬಿಕೊಂಡು ಅದೇ ಮಾತು ಹೇಳಿದರು: "ಉರಿ ಕಾಂಗಾಜಿ!" ನನಗೆ ಗಂಟಲು ಕಟ್ಟಿತು. ನಮ್ಮಜ್ಜಿ ನನ್ನನ್ನು "ಬಾ ಮರಿ" ಎಂದು ಕರೆಯುತ್ತಿದ್ದದ್ದೂ ಇದೇ ಅಲ್ವಾ?

ಮುದ್ದು ಮಾಡುವ ಈ ಜನ ಕಾನೂನನ್ನೂ ಅಷ್ಟೇ ಗಟ್ಟಿಯಾಗಿ ಇಟ್ಟಿದ್ದಾರೆ. 2014ರಿಂದ ನಾಯಿಯನ್ನು ನೋಂದಾಯಿಸುವುದು ಕಡ್ಡಾಯ. ರಾಗಿಯ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ ಇದೆ, ಅದರ ನಂಬರು ನನ್ನ ಹೆಸರಿಗೆ ಅಂಟಿಕೊಂಡಿದೆ. 2022ರಿಂದ ಹಗ್ಗ ಎರಡು ಮೀಟರಿಗಿಂತ ಉದ್ದ ಇರುವಂತಿಲ್ಲ. ಅಪಾರ್ಟ್‌ಮೆಂಟಿನ ಲಿಫ್ಟು, ಒಳಗಿನ ಓಣಿಗಳಲ್ಲಿ ನಾಯಿಯನ್ನು ಎತ್ತಿಕೊಳ್ಳಬೇಕು, ಇಲ್ಲವೇ ಕತ್ತಿನ ಪಟ್ಟಿ ಹಿಡಿದಿರಬೇಕು. ಹೇಲು ಎತ್ತದಿದ್ದರೆ ದಂಡ. ಮೆಟ್ರೋದಲ್ಲಿ ಬ್ಯಾಗಿನೊಳಗೆ ಕೂರಿಸಿ ಕರೆದೊಯ್ಯಬಹುದು. ನಾಯಿಗೆ ಹೆದರುವವರು ಲಿಫ್ಟಿಗೆ ಬಂದರೆ ನಾನು ರಾಗಿಯನ್ನು ಎದೆಗೊತ್ತಿಕೊಂಡು ಮೂಲೆಗೆ ಸರಿಯುತ್ತೇನೆ. ಅವರು ತಲೆ ಬಾಗಿಸುತ್ತಾರೆ. ಮಾತಿಗೆ ಮಾತು ಬೆಳೆಯುವುದೇ ಇಲ್ಲ.

ಚಳಿಗಾಲದಲ್ಲಿ ಹಿಮ ಕರಗಲಿ ಎಂದು ದಾರಿಗೆಲ್ಲ ಉಪ್ಪಿನಂಥದ್ದನ್ನು ಚೆಲ್ಲುತ್ತಾರೆ. ಅದು ನಾಯಿಯ ಪಾದ ಸುಡುತ್ತದೆ. ಮನೆಗೆ ಬಂದ ತಕ್ಷಣ ಬೆಚ್ಚಗಿನ ನೀರಿನ ಮಗ್ಗಿನಲ್ಲಿ ಒಂದೊಂದೇ ಕಾಲು ಅದ್ದಿ, ಬೆರಳ ಸಂದಿಯಲ್ಲಿ ಸಿಕ್ಕಿದ ಹರಳು ತೆಗೆಯುತ್ತೇನೆ. ಮೂರು ಕಾಲು ಸುಮ್ನೆ ಕೊಡುತ್ತಾಳೆ. ನಾಲ್ಕನೆಯದಕ್ಕೆ ಮಾತ್ರ ಪ್ರತಿದಿನ ಗುರ್ ಅನ್ನುತ್ತಾಳೆ.

ಕಳೆದ ವರ್ಷ ರಜೆಗೆ ಬೆಂಗಳೂರಿನ ಅಕ್ಕನ ಮನೆಗೆ ಹೋಗಿದ್ದೆ. ಅವಳದೂ ಅಪಾರ್ಟ್‌ಮೆಂಟು, ಅವಳ ಹತ್ತಿರವೂ ಒಂದು ಪುಟ್ಟ ನಾಯಿ. ಲಿಫ್ಟಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು: ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ಹದಿಮೂರು ವರ್ಷದ, ಸೊಂಟ ಬಿದ್ದ ನಾಯಿಯನ್ನು ಎತ್ತಿಕೊಂಡು ಅಕ್ಕ ದಿನಕ್ಕೆರಡು ಸಲ ಆರು ಮಹಡಿ ಹತ್ತಿ ಇಳಿಯುತ್ತಾಳೆ. ಹೀಗೆ ಲಿಫ್ಟಿಗೆ ನಿಷೇಧ ಹಾಕಬಾರದು ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಅಕ್ಕ ಅದರ ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸಿದಳು. "ಮೇಡಂ, ಸುಮ್ನೆ ಯಾಕೆ ರಗಳೆ" ಅಂದರಂತೆ. ಅದೇ ಅಪಾರ್ಟ್‌ಮೆಂಟಿನ ಮುಂದಿನ ಫುಟ್‌ಪಾತಿನಲ್ಲಿ ಕಾಲಿಡಲು ಜಾಗವಿಲ್ಲ, ಹೇಲು ಎತ್ತುವವರೇ ಇಲ್ಲ. ಇಲ್ಲಿ ಕೊರಿಯಾದಲ್ಲಿ ಕಾನೂನು ಹಗ್ಗ ಹಿಡಿದ ನನಗೆ. ಅಲ್ಲಿ ಚೀಟಿ ನಾಯಿಗೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ನಾವೇನು ಪ್ರೀತಿ ಗೊತ್ತಿಲ್ಲದ ಜನವೇ? ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದಲ್ಲೇ ನಾಯಿಗೆ ವೀರಗಲ್ಲು ನಿಲ್ಲಿಸಿದ್ದಾರೆ. ಹಂದಿಯ ಜೊತೆ ಹೋರಾಡಿ ಸತ್ತ ಆ ನಾಯಿಯ ಹೆಸರು ಕಾಳಿ. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಬೇಕು ಎಂದು ಮನಸ್ಸಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಆದರೆ ಒಂದು ವಿಷಯ ಬಿಟ್ಟು ಹೇಳಿದರೆ ಸುಳ್ಳಾಗುತ್ತದೆ.

ಇಲ್ಲಿ ಬೀದಿಯಲ್ಲಿ ಒಂದೂ ನಾಯಿ ಕಾಣುವುದಿಲ್ಲ. ಯಾಕೆ ಎಂದು ನನಗೆ ಗೊತ್ತಾದದ್ದು ರಾಗಿಯನ್ನು ತರಲು ಹೋದಾಗ. ವರ್ಷಕ್ಕೆ ಸುಮಾರು ಒಂದು ಲಕ್ಷ ಪ್ರಾಣಿಗಳು ಕಳೆದುಹೋಗಿಯೋ ಬಿಟ್ಟುಹೋಗಿಯೋ ಶೆಲ್ಟರುಗಳಿಗೆ ಬರುತ್ತವೆ. ಕೆಲವು ದಿನ ಪ್ರಕಟಣೆ ಹಾಕುತ್ತಾರೆ. ಯಾರೂ ಬರದಿದ್ದರೆ, ಜಾಗವೂ ಇಲ್ಲದಿದ್ದರೆ, ಇಂಜೆಕ್ಷನ್. ರಾಗಿಯ ಬೋನಿಗೆ ತೂಗುಹಾಕಿದ್ದ ಕಾರ್ಡಿನ ಮೇಲೆ ಒಂದು ತಾರೀಕಿತ್ತು. ನಾವು ಹೋದದ್ದು ಅದರ ಹಿಂದಿನ ದಿನ. ಮಾಲೀಕನಿಲ್ಲದ ನಾಯಿಗೆ ಈ ದೇಶದಲ್ಲಿ ನಿಲ್ಲಲು ಜಾಗವಿಲ್ಲ.

ಊರಲ್ಲಿ ನಮ್ಮ ಬೀದಿಯಲ್ಲಿ ಕರಿಯ ಇದ್ದ. ಯಾರ ನಾಯಿಯೂ ಅಲ್ಲ. ಬೆಳಿಗ್ಗೆ ನಮ್ಮ ಮನೆಯ ತಂಗಳು ಮುದ್ದೆ, ಮಧ್ಯಾಹ್ನ ಮೂಲೆಮನೆಯ ಮೊಸರನ್ನ, ರಾತ್ರಿ ಮಿಲ್ಲಿನ ವಾಚ್‌ಮನ್ ಪಕ್ಕದಲ್ಲಿ ನಿದ್ದೆ. ಕಲ್ಲೇಟನ್ನೂ ತಿಂದಿದ್ದಾನೆ. ಒಂದು ಸಲ ನನ್ನ ಅಣ್ಣನನ್ನು ಕಚ್ಚಿದ್ದಾನೆ, ಸೂಜಿ ಹಾಕಿಸಿಕೊಂಡದ್ದು ಅಣ್ಣ. ಆದರೂ ಹನ್ನೆರಡು ವರ್ಷ ಬದುಕಿದ. ಚಿಕ್ಕಮ್ಮ ಅವನಿಗೆ ಬೈದುಕೊಂಡೇ ಅನ್ನ ಹಾಕುತ್ತಿದ್ದರು, ಒಂದು ದಿನವೂ ತಪ್ಪಿಸದೆ.

ಮೊನ್ನೆ ಲಿಫ್ಟಿನಲ್ಲಿ ಹಲ್ಮೊನಿಗೆ ಕರಿಯನ ಕಥೆ ಹೇಳಿದೆ. ನನ್ನ ಕೊರಿಯನ್ ಭಾಷೆಗೆ ಎಷ್ಟು ಎಟುಕುತ್ತೋ ಅಷ್ಟು. "ಹಾಗಾದರೆ ಯಾರ ನಾಯಿ ಅದು?" ಎಂದು ಕೇಳಿದರು. "ಬೀದಿಯದ್ದು" ಅಂದೆ. ಅವರು ಸುಮ್ಮನಾದರು. ರಾಗಿಯ ಕಿವಿ ಸವರುತ್ತಾ ನಿಂತಿದ್ದರು. ಎಂಟು ದಾಟಿದ ಮೇಲೆ, "ನಾನು ಚಿಕ್ಕವಳಿದ್ದಾಗ ನಮ್ಮ ಹಳ್ಳಿಯಲ್ಲೂ ಒಂದಿತ್ತು. ಹಳದಿ ಬಣ್ಣದ್ದು" ಅಂದರು.

ಅದಕ್ಕೆ ಏನಾಯಿತು ಎಂದು ನಾನು ಕೇಳಲಿಲ್ಲ. ಒಂಬತ್ತು ಬಂತು. ಅವರು ಇಳಿದು, ಬಾಗಿಲು ಮುಚ್ಚುವ ತನಕ ರಾಗಿಗೆ ಕೈ ಬೀಸುತ್ತಿದ್ದರು.