ಸ್ಪಷ್ಟನೆ: 50 ಪೈಸೆ ಮತ್ತು ಸಣ್ಣ 1 ರೂಪಾಯಿ ನಾಣ್ಯಗಳು ರದ್ದಾಗಿಲ್ಲ

ಅಗ್ಗದ ಉಕ್ಕಿನಲ್ಲಿ ಟಂಕಿಸಿದ ಸಣ್ಣ 1 ರೂಪಾಯಿ ನಾಣ್ಯವೂ 50 ಪೈಸೆಯೂ ರದ್ದಾಗಿವೆ ಎಂದು ಹರಡುತ್ತಿರುವ ಸಂದೇಶ ನಿಜವಲ್ಲ. 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡವು 25 ಪೈಸೆ ಹಾಗೂ ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳು ಮಾತ್ರ. ಲೋಹದ ಬೆಲೆ ಮುಖಬೆಲೆಯನ್ನು ಮೀರಿದರೆ ನಾಣ್ಯವನ್ನು ಕರಗಿಸಿ ಮಾರುವುದೇ ಲಾಭದಾಯಕವಾಗಿಬಿಡುತ್ತದೆ. ಹಾಗಾಗದಂತೆ ತಾಮ್ರ-ನಿಕ್ಕಲ್ ಮಿಶ್ರಲೋಹದ 1 ರೂಪಾಯಿ 1992ರಿಂದ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿತು, ಗಾತ್ರವೂ ಕಿರಿದಾಯಿತು. ಹಾಗೆಂದು ಅದರ ಮಾನ್ಯತೆ ಕುಗ್ಗಿಲ್ಲ. ಬೇರೆ ಬೇರೆ ವಿನ್ಯಾಸದ ನಾಣ್ಯಗಳು ಏಕಕಾಲದಲ್ಲಿ ಚಲಾವಣೆಯಲ್ಲಿರುತ್ತವೆ ಎಂದು ರಿಸರ್ವ್ ಬ್ಯಾಂಕ್ ಹಲವು ಬಾರಿ ತಿಳಿಸಿದೆ. ಚಿಲ್ಲರೆಯಲ್ಲೇ ದಿನದ ಸಂಪಾದನೆ ಕಾಣುವ ಸೊಪ್ಪು ಮಾರುವವರ ನಾಣ್ಯವನ್ನು ವದಂತಿ ನಂಬಿ ನಿರಾಕರಿಸುವುದು ಅನ್ಯಾಯ. 2011ರ ನಾಣ್ಯ ಕಾಯ್ದೆಯಂತೆ 50 ಪೈಸೆಯ ನಾಣ್ಯಗಳಲ್ಲಿ 10 ರೂಪಾಯಿವರೆಗೆ, 1 ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ 1,000 ರೂಪಾಯಿವರೆಗೆ ಪಾವತಿಸುವುದು ಕಾನೂನುಬದ್ಧ.